ಪ್ಯಾರಮಟ್ಟ ಕೆರೆಯ ಒಣ ಗಂಟು

ಶುಕ್ರವಾರ ಸಂಜೆ ಮೆಲ್ಬರ್ನ್ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿ ನನ್ನ ಉದ್ದನೆಯ ಪೈಪ್ ನೋಡಿ, ಒಳಗೆ ಪೇಂಟಿಂಗ್ ಇದೆಯಾ ಅಂತ ಕೇಳಿದರು. ಮೀನು ಹಿಡಿಯುವ ರಾಡ್ ಅಂದೆ. ಕೊಕ್ಕೆಗಳನ್ನೆಲ್ಲ ಮೊದಲೇ ದೊಡ್ಡ ಬ್ಯಾಗಿಗೆ ಹಾಕಿದ್ದೆ. ಟಿಕೆಟ್ ಎಂಬತ್ತೊಂಬತ್ತು ಡಾಲರ್, ಬ್ಯಾಗಿಗೆ ಇನ್ನೂ ಮೂವತ್ತೈದು. ಇಷ್ಟು ಖರ್ಚು ಮಾಡಿ ನಾನು ಹೊರಟಿದ್ದು ಒಂದೇ ಒಂದು ಮೀನಿಗಾಗಿ, ಅದೂ ಹಿಡಿದು ವಾಪಸ್ ನೀರಿಗೆ ಬಿಡುವುದಕ್ಕೆ.

ಆ ಮೀನಿನ ಹೆಸರು ಬಾಸ್. ಅದನ್ನು ಲೂರ್ ಹಾಕಿ ಹಿಡಿಯುತ್ತಾರೆ. ಲೂರ್ ಅಂದರೆ ಎರೆಹುಳದ ಬದಲು ದಾರಕ್ಕೆ ಕಟ್ಟುವ ನಕಲಿ ಹುಳ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಅಕ್ಕನ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಗಿಸುವ ತಂತಿಯ ಮೇಲಿಂದ ಬಕೆಟ್ಟಿಗೆ ಗುರಿಯಿಟ್ಟು ಎಸೆದು ಎಸೆದು ಕಲಿತೆ. ಗುರು ಯಾರೂ ಇಲ್ಲ, ಫೋನಿನ ವಿಡಿಯೋಗಳೇ. ಎರಡು ವರ್ಷದಲ್ಲಿ ಎರಡು ಸಲ ಬಾಸ್ ಕಚ್ಚಿತ್ತು, ಎರಡೂ ಸಲ ದಾರ ಕಡಿದು ಹೋಯಿತು. ತಪ್ಪು ದಾರದ್ದು ಅಂದುಕೊಂಡು ಇನ್ನೂ ದುಬಾರಿ ದಾರ ಕೊಂಡೆ. ಈ ಸಲವೂ ಕೈಗೆ ಬರದಿದ್ದರೆ ರಾಡ್ ಮಾರಿಬಿಡುತ್ತೇನೆ ಅಂತ ಅಕ್ಕನಿಗೆ ಹೇಳಿ ಬಂದಿದ್ದೆ. ಅವಳು ಆಗಲೇ ಜಾಹೀರಾತಿಗೆ ಫೋಟೋ ತೆಗೆದಿಟ್ಟಿದ್ದಳು.

ಸಿಡ್ನಿಯಲ್ಲಿ ಇಳಿದು, ಎರಡು ಟ್ರೈನ್ ಬದಲಿಸಿ ಗಿರಾವೀನ್ ತಲುಪಿದೆ. ಅಲ್ಲಿ ಲಾರೆನ್ಸ್ ಅಂಕಲ್ ಮನೆ. ಮಂಗಳೂರಿನವರು, ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ. ಮೀನು ಹಿಡಿಯುವವರ ಆನ್‌ಲೈನ್ ಗುಂಪಿನಲ್ಲಿ, ಬಾಸ್ ಎಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ನಾನು ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬರೆದವರು ಅವರೊಬ್ಬರೇ. ನಮಗೆ ಅಷ್ಟೇ ಪರಿಚಯ. ಅವರ ಹೆಂಡತಿ ಜೂಡಿತ್ ಆಂಟಿ, ನಾನು ಮೀನು ತಿನ್ನುವವಳಲ್ಲ ಅಂತ ಗೊತ್ತಾಗಿ ಸೌಟು ಹಿಡಿದು ನಿಂತುಬಿಟ್ಟರು.

"ತಿನ್ನುವುದಿಲ್ಲ, ಹಿಡಿದದ್ದನ್ನು ಬಿಡುವುದು. ಅದಕ್ಕೆ ಮೆಲ್ಬರ್ನಿಂದ ವಿಮಾನದಲ್ಲಿ ಬಂದದ್ದಾ?"

ಶನಿವಾರ ಬೆಳಗಿನ ಜಾವ ಕಾರಿನಲ್ಲಿ ಹೊರಟೆವು. ಪ್ಯಾರಮಟ್ಟ ಲೇಕ್ ಹದಿನೈದು ನಿಮಿಷದ ದಾರಿ. ಸುತ್ತ ಊರು, ನಡುವೆ ಕಾಡು, ಕಾಡಿನೊಳಗೆ ನೀರು. ನಮ್ಮ ವಿಕ್ಟೋರಿಯಾ ರಾಜ್ಯದ ಮೀನು ಹಿಡಿಯುವ ಲೈಸೆನ್ಸ್ ಈ ರಾಜ್ಯದಲ್ಲಿ ನಡೆಯುವುದಿಲ್ಲ, ಹಾಗಾಗಿ ಏಳು ಡಾಲರಿಗೆ ಮೂರು ದಿನದ ಲೈಸೆನ್ಸ್ ಮಾಡಿಸಿದ್ದೆ. ಬಿಸಿಲು ಬೀಳುವ ಮೊದಲೇ ಜೀರುಂಡೆಗಳು ಕಿವಿ ತೂತಾಗುವ ಹಾಗೆ ಶುರು ಮಾಡಿದ್ದವು. ಜೀರುಂಡೆ ನೀರಿಗೆ ಬಿದ್ದರೆ ಬಾಸ್‌ಗೆ ಹಬ್ಬ. ಅಂಕಲ್ ಜೇಬಿನಿಂದ ಒಂದು ಡಬ್ಬಿ ತೆಗೆದರು. ಹಳೆಯ ಪೊರಕೆ ಕೋಲನ್ನು ಕೆತ್ತಿ, ಕಪ್ಪು ಬಣ್ಣ ಬಳಿದು ಅವರೇ ಮಾಡಿದ ಎರಡು ಜೀರುಂಡೆ ಲೂರ್, ಒಂದೊಂದಕ್ಕೂ ಎರಡು ಕೊಕ್ಕೆ. ಒಂದನ್ನು ನನ್ನ ಕೈಗೆ ಕೊಟ್ಟರು. ನಾನೇ ಗಂಟು ಹಾಕಿದೆ.

ಬಿದ್ದ ಮರವೊಂದರ ಪಕ್ಕಕ್ಕೆ ಎಸೆದೆ. ನಾಲ್ಕನೇ ಎಸೆತಕ್ಕೆ ನೀರು ಒಡೆಯಿತು. ರಾಡ್ ಬಿಲ್ಲಾಯಿತು. ಮೀನು ಮರದ ಕೊಂಬೆಗಳ ಕಡೆ ಎಳೆಯಿತು, ನಾನು ಈ ಕಡೆ ಎಳೆದೆ. ಮೂರೇ ಸೆಕೆಂಡು. ಟಪ್ ಅಂತ ರಾಡ್ ನೆಟ್ಟಗಾಯಿತು. ಮೀನು ಹೋಯಿತು, ಲೂರ್ ಕೂಡ ಹೋಯಿತು.

ನಾನು ಸಾರಿ ಅಂದೆ. ಅಂಕಲ್ ನೀರನ್ನೇ ನೋಡುತ್ತಾ ಹೇಳಿದರು:

"ಲೂರ್ ಹೋಗಲಿ, ಇನ್ನೊಂದು ಕೆತ್ತಬಹುದು. ಅದರ ಬಾಯಲ್ಲಿ ಎರಡು ಕೊಕ್ಕೆ ಉಂಟಲ್ಲ. ಇನ್ನು ಅದು ತಿನ್ನುವುದು ಹೇಗೆ?"

ನನಗೆ ಅದು ಹೊಳೆದೇ ಇರಲಿಲ್ಲ. ಮೆಲ್ಬರ್ನ್ ಕಡೆಯ ಆ ಎರಡು ಮೀನುಗಳೂ ನೆನಪಾದವು. ಮತ್ತೆ ಎಸೆಯಲು ಕೈ ಬರಲಿಲ್ಲ. ಒಂಬತ್ತು ಗಂಟೆಗೇ ಮನೆಗೆ ಬಂದೆವು.

ಮಧ್ಯಾಹ್ನ ಮೂವತ್ತೆಂಟು ಡಿಗ್ರಿ. ಅಂಕಲ್ ಗರಾಜಿನಲ್ಲಿ ಕುಳಿತು ನನ್ನಿಂದ ಗಂಟು ಹಾಕಿಸಿದರು. ಎಳೆದರು, ಕಿತ್ತುಬಂತು. ಇನ್ನೊಂದು ಹಾಕಿಸಿದರು, ಅದೂ ಬಂತು. ಕಿತ್ತ ದಾರದ ತುದಿ ಹಂದಿಯ ಬಾಲದ ಹಾಗೆ ಸುರುಳಿಯಾಗಿತ್ತು. ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರ ಸುಟ್ಟಿದೆ, ಅದರ ಗುರುತು ಇದು ಅಂದರು. ಮೂರನೆಯದನ್ನು ಹಾಕುವಾಗ ನನ್ನ ಕೈಯನ್ನೇ ನೋಡುತ್ತಿದ್ದರು.

"ಬಿಗಿಯುವ ಮೊದಲು ಒದ್ದೆ ಮಾಡುವುದಿಲ್ವಾ? ಬಾಯಲ್ಲಿ ಇಡು ಮಾರಾಯ್ತಿ."

"ದಾರ ಬಾಯಿಗೆ ಹಾಕಂಗಿಲ್ಲ ಅಂಕಲ್. ಎಂಜಲಾಗತ್ತೆ."

ಬಾಯಿಂದ ಬಂದಮೇಲೇ ನನಗೆ ಅರ್ಥವಾಗಿದ್ದು. ನನ್ನ ಬೆರಳಿಗೆ ಗಂಟು ಕಲಿಸಿದ್ದು ತುಮಕೂರಿನಲ್ಲಿ ಅಜ್ಜಿ, ಮಲ್ಲಿಗೆ ಕಟ್ಟಿಸುತ್ತಾ. ದಾರ ತುಟಿಗೆ ತಾಗಿದರೆ ಆ ಮಾಲೆ ದೇವರಿಗಿಲ್ಲ. ತಲೆಯ ಮೇಲೊಂದು ಮೊಟಕಿ ಹೊಸ ದಾರ ಕೊಡುತ್ತಿದ್ದಳು. ವಿಡಿಯೋದಲ್ಲಿ ಪ್ರತಿಯೊಬ್ಬರೂ ಗಂಟನ್ನು ಬಾಯಲ್ಲಿ ಒದ್ದೆ ಮಾಡುವುದನ್ನು ನೋಡಿದ್ದೆ. ಅದು ಅವರ ಅಭ್ಯಾಸ ಅಂದುಕೊಂಡು ಎರಡು ವರ್ಷ ಆ ಒಂದು ಹೆಜ್ಜೆಯನ್ನು ಬಿಟ್ಟೇ ಗಂಟು ಹಾಕುತ್ತಿದ್ದೆ.

"ಇದು ದೇವರಿಗಲ್ಲ, ಮೀನಿಗೆ" ಅಂದರು ಅಂಕಲ್. ಬೆಳಗಿನಿಂದ ಅವರು ನಕ್ಕಿದ್ದು ಆಗಲೇ.

ದಾರವನ್ನು ತುಟಿಯ ನಡುವೆ ಇಟ್ಟೆ. ಅಜ್ಜಿ ಹಿಂದೆಯೇ ನಿಂತ ಹಾಗೆ ತಲೆ ತಾನಾಗಿ ತಗ್ಗಿತು. ಆ ಗಂಟನ್ನು ಅಂಕಲ್ ಎಷ್ಟು ಎಳೆದರೂ ಕಿತ್ತು ಬರಲಿಲ್ಲ.

ಸಂಜೆ ಐದಕ್ಕೆ ಮತ್ತೆ ಕೆರೆ. ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಬರುತ್ತಿತ್ತು. ಗುಡುಗು ಕೇಳಿದರೆ ಹೊರಡುವುದು, ರಾಡ್ ಸಿಡಿಲನ್ನು ಕರೆಯುತ್ತದೆ ಎಂಬುದು ಅಂಕಲ್ ಹಾಕಿದ ಷರತ್ತು. ಡಬ್ಬಿಯಲ್ಲಿ ಉಳಿದಿದ್ದ ಒಂದೇ ಲೂರನ್ನು ಅವರು ಕೊಟ್ಟಾಗ ಬೇಡ ಅಂದೆ. ಇದೂ ಮೀನಿನ ಬಾಯಲ್ಲಿ ಹೋದರೆ? ಅವರು ಅಂಗೈ ಚಾಚಿಯೇ ನಿಂತಿದ್ದರು. ಒದ್ದೆ ಮಾಡಿ ಕಟ್ಟಿದೆ, ಮೂರು ಸಲ ಎಳೆದು ನೋಡಿದೆ.

ಇಪ್ಪತ್ತು ಎಸೆತ ಖಾಲಿ ಹೋಯಿತು. ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಇನ್ನೊಂದು ಎಸೆದೆ, ಲೂರ್ ನೀರಿನ ಮೇಲೆ ನಿಂತಿತು. ನೀರು ಒಡೆಯಿತು. ಅದೇ ಕ್ಷಣಕ್ಕೆ ದೂರದಲ್ಲಿ ಗುಡುಗಿತು.

ಅಂಕಲ್ ರಾಡ್ ತಗ್ಗಿಸು, ತಗ್ಗಿಸು ಅನ್ನುತ್ತಿದ್ದರು. ಬೇಗ ಎಳೆದರೆ ಕಿತ್ತೀತು, ನಿಧಾನಿಸಿದರೆ ಕೊಂಬೆಗೆ ಸುತ್ತೀತು, ಮೇಲೆ ಸಿಡಿಲು. ಮೊಣಕಾಲವರೆಗೆ ನೀರಿಗಿಳಿದು, ರಾಡನ್ನು ನೀರಿಗೆ ಮಲಗಿಸಿದ ಹಾಗೆ ಹಿಡಿದು ದಾರ ಸುತ್ತಿಕೊಂಡೆ. ಕಣ್ಣೆಲ್ಲ ಗಂಟಿನ ಮೇಲೇ. ಅದು ನೀರಿನಿಂದ ಮೇಲೆ ಬಂತು, ಹಿಂದೆಯೇ ಕಂಚಿನ ಬಣ್ಣದ ಮೈ.

"ಕೈ ಒದ್ದೆ ಮಾಡಿ ಹಿಡಿ" ಅಂದರು. ಹುಟ್ಟಿದಾಗಿನಿಂದ ಮೀನು ಮುಟ್ಟಿದ್ದೇ ಅದು ಮೊದಲು. ತಣ್ಣಗೆ, ಒರಟಾಗಿ, ಪೂರ್ತಿ ಜೀವ. ಮೂವತ್ತಮೂರು ಸೆಂಟಿಮೀಟರ್. ಕೊಕ್ಕೆ ಬಿಡಿಸಿ ಬಾಯೊಳಗೆ ನೋಡಿದೆ. ಬೆಳಗಿನ ಗಾಯ ಇರಲಿಲ್ಲ, ಇದು ಬೇರೆ ಮೀನು. ನೀರಲ್ಲಿ ಹಿಡಿದೆ, ಬಾಲ ಬಡಿದು ಹೋಯಿತು. ಫೋಟೋ ಕೂಡ ತೆಗೆಯಲಿಲ್ಲ, ಮಳೆಯಲ್ಲಿ ಕಾರಿಗೆ ಓಡಿದೆವು. ಆಂಟಿ ಬಾಗಿಲಲ್ಲೇ ಎಷ್ಟು ಉದ್ದ ಅಂತ ಕೇಳಿದರು. ನಾನು ಕೈ ಅಗಲಿಸಿ ತೋರಿಸಿದೆ, ಅಂಕಲ್ ಬಂದು ನನ್ನ ಕೈಗಳನ್ನು ಸ್ವಲ್ಪ ಹತ್ತಿರ ತಂದರು.

ಆದರೆ ರಾತ್ರಿ ಊಟ ಮಾಡುವಾಗ ಬೆಳಗಿನ ಮೀನೇ ನೆನಪಾಗುತ್ತಿತ್ತು.

ಭಾನುವಾರ ಆಂಟಿ ಕಟ್ಟಿಕೊಟ್ಟ ನೀರುದೋಸೆ ಹಿಡಿದು ಏರ್‌ಪೋರ್ಟಿಗೆ ಹೋದೆ. ಬೋರ್ಡಿಂಗ್ ಸಾಲಿನಲ್ಲಿದ್ದಾಗ ಫೋನ್ ನಡುಗಿತು. ಅಂಕಲ್ ಒಬ್ಬರೇ ಕೆರೆಗೆ ಹೋಗಿದ್ದರು. ಫೋಟೋದಲ್ಲಿ ಅವರ ಅಂಗೈ, ಅದರ ಮೇಲೆ ಕಪ್ಪು ಜೀರುಂಡೆ. ಕೆಳಗೆ ಬರೆದಿದ್ದರು: "ನಿನ್ನೆ ಬೆಳಗಿನ ಲೂರ್, ಗಾಳಿಗೆ ದಡಕ್ಕೆ ಬಂದಿತ್ತು. ಎರಡೂ ಕೊಕ್ಕೆ ಉಂಟು. ಮೀನು ಕೊಡವಿ ಬಿಟ್ಟಿದೆ. ಇವತ್ತು ಅದು ತಿಂಡಿ ತಿಂದಿರಬೇಕು."

ವಿಮಾನ ಏರಿದ ಮೇಲೆ ಮನೆಗಳ ಚಾವಣಿಗಳ ನಡುವೆ ಆ ಕೆರೆಯನ್ನು ಹುಡುಕಿದೆ. ಕಾಣಲಿಲ್ಲ. ಜಾಹೀರಾತಿನ ಫೋಟೋ ಅಳಿಸು ಅಂತ ಅಕ್ಕನಿಗೆ ಮೆಸೇಜ್ ಬರೆದಿಟ್ಟು, ದೋಸೆಯ ಪೊಟ್ಟಣ ಬಿಚ್ಚಿದೆ.