ವಿಘ್ನೇಶ್ವರ ಮಾಸ್ತರರ ಎರಡು ‘ಓ’

ಭೈರುಂಬೆಯ ವಿಘ್ನೇಶ್ವರ ಮಾಸ್ತರರು ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ. ಆ ಭಾಷೆಯನ್ನು ಯಾರಾದರೂ ಆಡುವುದನ್ನು ಅವರು ಕೇಳಿಯೇ ಇರಲಿಲ್ಲ. ಅದಕ್ಕೆ ಮುಂಚೆ ಅವರು ಕಲಿತದ್ದು ವೇದ. ಅಲ್ಲಿ ಹ್ರಸ್ವ ದೀರ್ಘವಾದರೆ ಮಂತ್ರವೇ ಕೆಡುತ್ತದೆ. ಹೀಗಾಗಿ ೧೯೩೪ರಲ್ಲಿ ಶಿರಸಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ನಿಂತವರು ಮೊದಲ ದಿನವೇ ಕಟ್ಟಳೆ ಹಾಕಿದರು: ಎರಡು ‘ಓ’ ಜೊತೆಯಾಗಿ ಬಂದರೆ ದೀರ್ಘ. ಮಕ್ಕಳು ‘ಬೂಕ್, ಗೂಡ್, ಬ್ಲೂಡ್’ ಎಂದು ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು.

ಧಾರವಾಡದ ಕಡೆಯ ಇನ್‌ಸ್ಪೆಕ್ಟರರು ತಪಾಸಣೆಗೆ ಬಂದರು. ಮಾಸ್ತರರು ಹೇಳಿ ಬರೆಸಿದ ಉಕ್ತಲೇಖನದಲ್ಲಿ ಒಂದೂ ತಪ್ಪಿಲ್ಲ. ಓದಿಸಿದಾಗ ಮಾತ್ರ ಹೌಹಾರಿದರು.

“ಬೂಕ್ ಅಲ್ರೀ ಮಾಸ್ತರ, ಬುಕ್! ಬ್ಲೂಡ್ ಅಲ್ಲ, ಬ್ಲಡ್!”

“ಹಾಗಾದ್ರೆ ಮೂನ್ ಎಂತ ಸಾಹೇಬ್ರೆ? ಮುನ್ನೋ, ಮನ್ನೋ?”

“ಅದು ಮೂನ್ ರೀ. ಅದು ದೀರ್ಘ.”

“ಇದಕ್ಕೆ ಸೂತ್ರ?”

“ಸೂತ್ರ ಇಲ್ರಿ. ಅವರು ಹಂಗ ಅಂತಾರ, ನಾವೂ ಹಂಗ ಅನ್ನೂದು.”

ಸೂತ್ರವಿಲ್ಲದ ಭಾಷೆ ಇಷ್ಟು ದೊಡ್ಡ ರಾಜ್ಯ ಆಳುತ್ತಿದೆಯೆಂಬುದು ಮಾಸ್ತರರಿಗೆ ಜೀರ್ಣವಾಗಲಿಲ್ಲ. ಆದರೂ ಸರಕಾರದ ಮಾತು. ಮನೆಯಲ್ಲಿ ‘ಬುಕ್, ಬುಕ್’ ಎಂದು ನಾಲಿಗೆ ತಿದ್ದಲು ಕೂತರು. ಹೆಂಡತಿ ದೇವಕಿ ಗಾಬರಿಯಿಂದ ಓಡಿಬಂದಳು.

“ಎಂತ ಆತು? ಬಿಕ್ಕಳಿಕೆಯಾ? ನೀರು ತತ್ತೆ.”

“ಬಿಕ್ಕಳಿಕೆ ಅಲ್ಲ ಮಾರಾಯ್ತಿ, ಇಂಗ್ಲಿಷ್!”

ಮಕ್ಕಳೂ ಹೊಸ ಉಚ್ಚಾರ ಕಲಿತರು. ಮರುವರ್ಷ ಇನ್‌ಸ್ಪೆಕ್ಟರರು ಉಕ್ತಲೇಖನ ಬರೆದ ಪಾಟಿಗಳನ್ನು ನೋಡಿದರೆ ‘ಬುಕ್’ನಲ್ಲಿ ಒಂದೇ ‘ಓ’, ‘ಬ್ಲಡ್’ನಲ್ಲಿ ಅದೂ ಇಲ್ಲ.

“ಹೋದ ವರ್ಷ ಒಬ್ರೂ ತಪ್ಪಿರಲಿಲ್ಲಲ್ರೀ!”

“ಆಗ ಮಕ್ಕಳ ಕಿವಿಗೆ ಎರಡೂ ಓ ಕೇಳ್ತಿತ್ತು. ನೀವೇ ಒಂದನ್ನ ತೆಗೆಸಿದ್ರಿ.”

ಇನ್‌ಸ್ಪೆಕ್ಟರರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಪರೀಕ್ಷಾದಾಗ ಬರಿಯೂದಷ್ಟ ಅದ, ಮಾತಾಡೂದಿಲ್ಲ. ಮೊದಲಿನಂಗ ನಡಸ್ರಿ. ನಾ ಏನೂ ಕೇಳಿಲ್ಲ.”

ಗೆದ್ದೆನೆಂದು ಹಿಗ್ಗಬೇಕಿತ್ತು. ಆದರೆ ಅಷ್ಟರಲ್ಲಿ ಸರಿಯಾದದ್ದು ಮಾಸ್ತರರ ನಾಲಿಗೆಗೆ ಹತ್ತಿಬಿಟ್ಟಿತ್ತು. ಮುಂದೆ ತರಗತಿಯಲ್ಲಿ ‘ಬೂಕ್’ ಎನ್ನುವಾಗಲೆಲ್ಲ ತಿಳಿದೂ ತಿಳಿದೂ ಮಂತ್ರ ಕೆಡಿಸಿದಂತೆ ಅವರಿಗೆ ಮೈ ಮುದುಡುತ್ತಿತ್ತು. ಮಕ್ಕಳು ಮಾತ್ರ ಸಾಲಾಗಿ ಪಾಸಾದರು. ಪೇಟೆಯ ಹಿರಿಯರು ಸಭೆ ಸೇರಿಸಿ ಮಾಸ್ತರರಿಗೆ ಶಾಲು ಹೊದೆಸಿದರು. ಭಾಷಣದಲ್ಲಿ ಅವರನ್ನು ಹೊಗಳಿದ್ದು ಶುದ್ಧ ಇಂಗ್ಲಿಷ್ ಉಚ್ಚಾರಕ್ಕಾಗಿ. ಮಾಸ್ತರರು ತಲೆ ತಗ್ಗಿಸಿ ಕೂತಿದ್ದರು. ಎಷ್ಟು ವಿನಯ ನೋಡಿ ಎಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.