ನನ್ನ ಏನೂ ಕೇಳಂಗಿಲ್ಲೇನ್ರಿ?

“ಅಕ್ಕಾರ, ನನ್ನ ಏನೂ ಕೇಳಂಗಿಲ್ಲೇನ್ರಿ?”

ತಾವರಗೇರಾದ ಒಂದು ಮನೆಯಿಂದ ನಾನು ಹೊರಟಾಗ, ಬಾಗಿಲ ಬಳಿ ಶೇಂಗಾ ಬಿಡಿಸುತ್ತಿದ್ದ ಹನುಮಪ್ಪ ತಲೆಯೆತ್ತದೆ ಕೇಳಿದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರ ದುಃಖದ ಬಗೆಗಿನ ಅಧ್ಯಯನಕ್ಕಾಗಿ ಅವರ ಹೆಂಡತಿ ಶಾಂತವ್ವನವರನ್ನು ಮಾತನಾಡಿಸಲು ಹೋಗಿದ್ದೆ. ತಂದೆಯರಿಗೆ ಅದರಲ್ಲಿ ಪ್ರಶ್ನೆಗಳೇ ಇರಲಿಲ್ಲ.

ಚೀಲ ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತೆ. “ರಾತ್ರಿ ನಿದ್ದಿ ಬರ್ತೈತೇನ್ರಿ?” ಎಂದೆ. ಅವರು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಒಳಗಿನಿಂದ ಬಂದ ಶಾಂತವ್ವ ಗೋಡೆ ಹಿಡಿದು ನಿಂತರು.

“ಮಗಳು ಹೋದಾಗಿಂದ ಇವರು ಅತ್ತಿದ್ದು ಇವತ್ತ ಮೊದಲರಿ,” ಎಂದರು.

ಹನುಮಪ್ಪನವರ ಅಳು ನಮ್ಮ ಅಧ್ಯಯನದಲ್ಲಿ ಎಲ್ಲೂ ಸೇರಲಿಲ್ಲ. ಈಗ ಮಕ್ಕಳನ್ನು ಕಳೆದುಕೊಂಡ ಯಾವ ಮನೆಗೆ ಹೋದರೂ, ತಂದೆ ಎಲ್ಲಿ ಕುಳಿತಿದ್ದಾರೆಂದು ಮೊದಲು ಹುಡುಕುತ್ತೇನೆ.