ಸೂಜಿ ಅಕ್ಕನ ಹದಿನಾಲ್ಕು ತಿಂಗಳು

ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಸೂಜಿ ಅಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಕಿಟಕಿಯ ಪಕ್ಕ ಕೂತು, ಮಡಿಸಿದ ಹಾಳೆಗಳನ್ನು ದಾರದಲ್ಲಿ ಹೊಲಿದವಳು. ಮದುವೆಯಾಗಿರಲಿಲ್ಲ. ಮಾತು ಕಡಿಮೆ, ಕೇಳಿದ್ದಕ್ಕಷ್ಟೇ ಉತ್ತರ, ಅದೂ ಅರ್ಧ.

ಅವಳ ತಂಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವ ಕೌಂಟರಿನಲ್ಲಿದ್ದಳು. ತಂಗಿಯ ಗಂಡನದು ಊರೂರು ಸುತ್ತುವ ಕೆಲಸ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆಗೆ ಮಂಡಿನೋವು ಹೆಚ್ಚಾಗಿ ಏಳಲಾರದಂತಾದಾಗ ತಂಗಿ ಅಕ್ಕನ ಬಳಿ ಬಂದಳು. ಮಗು ಡುಮ್ಮನಿಗೆ ಆಗ ಒಂದು ವರ್ಷ ಎರಡು ತಿಂಗಳು.

"ಶಾಲೆಗೆ ಸೇರಿಸೋವರೆಗೆ ನೀನೇ ನೋಡ್ಕೋ ಅಕ್ಕ. ನಿನಗೇನು, ಹಿಂದೆ ಮುಂದೆ ಯಾರೂ ಇಲ್ಲ."

ಆ ಮಾತು ಚುಚ್ಚಿತು. ಆದರೂ ಒಪ್ಪಿ, ಅಂಗಡಿ ಬಿಟ್ಟು ತಂಗಿಯ ಮನೆಗೆ ಬಂದಳು. ನಿನ್ನ ಜಾಗ ಎಲ್ಲಿಗೂ ಹೋಗಲ್ಲ ಎಂದು ಅಂಗಡಿಯ ಯಜಮಾನರು ಹೇಳಿದ್ದರು.

ಬೆಳಿಗ್ಗೆ ಎಂಟಕ್ಕೆ ತಂಗಿ ಹೊರಟರೆ ಬರುತ್ತಿದ್ದುದು ಸಂಜೆ ಆರೂವರೆಗೆ. ನಡುವಿನ ಹತ್ತೂವರೆ ಗಂಟೆಯನ್ನು ಏನು ಮಾಡುವುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ವಾರ, ಊಟದ ಹೊತ್ತು ಮೀರಿಹೋಯಿತೇನೋ ಎಂದು ಗಡಿಯಾರ ನೋಡಿದರೆ ಒಂಬತ್ತೂ ಮುಕ್ಕಾಲು. ಡುಮ್ಮನ ಕೈಗೆ ಸಿಕ್ಕಿದ್ದೆಲ್ಲ ಮೊದಲು ಬಾಯಿಗೆ, ಆಮೇಲೆ ನೆಲಕ್ಕೆ. ಅವಳು ಹಿತ್ತಲ ಮೆಟ್ಟಿಲ ಮೇಲೆ ಎರಡು ಲೋಟ, ಒಂದು ಚೊಂಬು ನೀರು ಇಟ್ಟಳು. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿಯುತ್ತ ಅವನು ಅರ್ಧ ಗಂಟೆ ಕೂತ. ಬಕೆಟ್ಟಿನ ಅಂಚಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸುವುದನ್ನು ಕಲಿಸಿದಳು. ಹಳೆಯ ಹಾಳೆಗಳನ್ನು ಅಂಗೈಯಗಲದ ಪುಸ್ತಕವಾಗಿ ಹೊಲಿದುಕೊಟ್ಟಳು. ಅವನು ಹರಿದ, ಮರುದಿನ ಇನ್ನೊಂದು ಹೊಲಿದಳು. ಕೆಳಗಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಟಯರು ಬಿಚ್ಚುವುದನ್ನು ಕಿಟಕಿಯ ಸರಳು ಹಿಡಿದು ಇಬ್ಬರೂ ನೋಡುತ್ತಿದ್ದರು. ಅವನು ಮಲಗುವ ನಲವತ್ತು ನಿಮಿಷದಲ್ಲಿ ಬಟ್ಟೆ, ಪಾತ್ರೆ, ಅವಳ ಊಟ. ಸಂಜೆ ನಾಲ್ಕರ ನಂತರದ ಹೊತ್ತು ಮಾತ್ರ ಎಷ್ಟು ತಳ್ಳಿದರೂ ಮುಂದೆ ಹೋಗುತ್ತಿರಲಿಲ್ಲ.

ಮೆಕ್ಯಾನಿಕ್ ಸುತ್ತಿಗೆ ಬಡಿದರೆ ಅವಳು ಬೆಚ್ಚುತ್ತಿದ್ದಳು, ಡುಮ್ಮ ಬೆಚ್ಚುತ್ತಿರಲಿಲ್ಲ. ಕುಕ್ಕರ್ ಕೂಗಿದರೂ ತಿರುಗುತ್ತಿರಲಿಲ್ಲ. ಬೇಕೆಂದೇ ಅವನ ಬೆನ್ನ ಹಿಂದೆ ತಟ್ಟೆ ಬಡಿದು ನೋಡಿದಳು. ಅಂದು ಸಂಜೆಯೇ ತಂಗಿಗೆ ಹೇಳಿದಳು.

"ಕರೆದ್ರೆ ತಿರುಗಲ್ಲ ಕಣೇ. ಒಂದ್ಸಲ ಡಾಕ್ಟರಿಗೆ ತೋರಿಸು."

"ಹಟ ಅಷ್ಟೆ. ಥೇಟ್ ಅವರಪ್ಪ," ಎಂದಳು ತಂಗಿ, ಚಪ್ಪಲಿ ಬಿಡುತ್ತ.

ಮತ್ತೆರಡು ಸಲ ಹೇಳಿದಳು. ಮೂರನೆಯ ಸಲ ತಂಗಿ ರೇಗಿ, ನನ್ನ ಮಗುವಿಗೆ ಇಲ್ಲದ ರೋಗ ಹಚ್ಚಬೇಡ ಎಂದಳು. ಅವಳು ಅಲ್ಲಿಗೆ ಬಿಟ್ಟಳು. ಅದನ್ನು ಬಿಡಬಾರದಿತ್ತು ಎಂಬ ಕೊರಗು ಅವಳಿಗೆ ಇಂದಿಗೂ ಇದೆ.

ಎರಡು ವರ್ಷ ದಾಟಿ ನಾಲ್ಕು ತಿಂಗಳಾದರೂ ಡುಮ್ಮ ಅಮ್ಮ ಎನ್ನಲಿಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಮೆಟ್ಟಿಲಲ್ಲಿ ನಿಂತು ಎಲ್ಲರ ಮೇಲೂ ಚಾಡಿ ಹೇಳುತ್ತಿದ್ದಳು. ಒಂದು ಭಾನುವಾರ, ಗಂಡ ಮತ್ತು ಅತ್ತೆಯ ಎದುರೇ, ತಂಗಿಯ ಬಾಯಿಂದ ಬಂತು:

"ದಿನವಿಡೀ ಇವಳ ಮುಖ ನೋಡ್ಕೊಂಡು ಕೂತ್ರೆ ಮಗುಗೆ ಮಾತು ಎಲ್ಲಿಂದ ಬರುತ್ತೆ? ಇವಳೇ ಅರ್ಧ ಮೂಗಿ."

ಅತ್ತೆ ಮಂಡಿ ನೀವುತ್ತ ಬೇರೆಡೆ ನೋಡಿದರು. ತಂಗಿಯ ಗಂಡ ಪೇಪರು ತಿರುವಿದ. ಅವಳು ತುಟಿ ಬಿಚ್ಚಲಿಲ್ಲ. ಬಿಚ್ಚದ್ದೂ ಅವಳ ವಿರುದ್ಧದ ಸಾಕ್ಷಿಯೇ ಆಯಿತು. ಮರುದಿನದಿಂದ ಡುಮ್ಮನನ್ನು ಶಿಶುವಿಹಾರಕ್ಕೆ ಬಿಟ್ಟರು.

ಅಂಗಡಿಯಲ್ಲಿ ಅವಳ ಕಿಟಕಿಯ ಪಕ್ಕ ಅಂಟು ಹಚ್ಚುವ ಯಂತ್ರ ಬಂದು ಕೂತಿತ್ತು. ಹೊಲಿದ ಪುಸ್ತಕ ಈಗ ಯಾರೂ ಕೇಳುವುದಿಲ್ಲ ಎಂದು ಯಜಮಾನರು ನಯವಾಗಿಯೇ ಹೇಳಿ, ಕಟ್ಟುಗಳಿಗೆ ಕಾಗದ ಸುತ್ತುವ ಕೆಲಸ ಕೊಟ್ಟರು.

ಎರಡು ತಿಂಗಳಾದ ಮೇಲೆ ಶಿಶುವಿಹಾರದ ಟೀಚರ್ ಹೇಳಿದ್ದರಿಂದ ತಂಗಿ ಮಗುವನ್ನು ಕಿವಿಯ ವೈದ್ಯರಿಗೆ ತೋರಿಸಿದಳು. ಎರಡೂ ಕಿವಿಯ ಪರದೆಯ ಹಿಂದೆ ನೀರು ಕಟ್ಟಿಕೊಂಡಿತ್ತು. ಬಹಳ ದಿನದ್ದು ಎಂದರು ವೈದ್ಯರು. ಸಣ್ಣದೊಂದು ಶಸ್ತ್ರಚಿಕಿತ್ಸೆಯಾಯಿತು. ಆರೇ ತಿಂಗಳಲ್ಲಿ ಡುಮ್ಮ ಮಾತು ಕಲಿತು ಬಾಯಿ ಮುಚ್ಚದಂತಾದ. ಇದನ್ನೆಲ್ಲ ಅಕ್ಕನಿಗೆ ಹೇಳಿದ್ದು ಗ್ಯಾರೇಜಿನ ಮೆಕ್ಯಾನಿಕ್, ರಸ್ತೆಯಲ್ಲಿ ಸಿಕ್ಕಾಗ.

ಆಮೇಲೊಂದು ಮದುವೆಯ ಮನೆಯಲ್ಲಿ, ತಂಗಿ ನಾಲ್ಕು ಜನ ಹೆಂಗಸರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು: "ಮೊದಲು ನನಗೇ ಅನುಮಾನ ಬಂದಿದ್ದು. ಹೆತ್ತ ಕರುಳಿಗೆ ಗೊತ್ತಾಗದೆ ಇರುತ್ತಾ?" ಅವಳು ಕೈ ತೊಳೆದು ಮನೆಗೆ ಬಂದಳು.

ಮರುವರ್ಷ ತಂಗಿ ಮತ್ತೆ ಬಸುರಿಯಾದಳು. ಒಂದು ಸಂಜೆ ಹಣ್ಣು ಹಿಡಿದು ಬಂದು, ಏನೂ ಆಗಿಲ್ಲವೆಂಬಂತೆ ಮಂಚದ ಮೇಲೆ ಕೂತಳು.

"ಇದಕ್ಕೂ ನೀನೇ ಇರ್ತೀಯಲ್ಲ ಅಕ್ಕ?"

"ಇಲ್ಲ."

"ಯಾಕೆ?"

"ನನಗೆ ಮಾತು ಬರಲ್ಲವಲ್ಲ."

ತಂಗಿ ಅತ್ತಳು, ಬೈದಳು, ಹೋದಳು. ಈಗ ನೆಂಟರಿಷ್ಟರಲ್ಲೆಲ್ಲ ಅಕ್ಕನಿಗೆ ಕಲ್ಲುಮನಸ್ಸಿನವಳೆಂಬ ಹೆಸರು. ಅವಳು ಕಾಗದ ಸುತ್ತುತ್ತಾಳೆ, ದಾರ ಬಿಗಿಯುತ್ತಾಳೆ, ಆರಕ್ಕೆ ಮನೆಗೆ ಹೋಗುತ್ತಾಳೆ. ಡುಮ್ಮ ಮಾತಾಡುವುದನ್ನು ಅವಳಿನ್ನೂ ಕೇಳಿಲ್ಲ.